ಭೇಟಿಯ ಮುಖ್ಯ ಕಾರಣ

ಫಾರಮ್ಮಿನಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹತ್ತಕ್ಕೆ ಜನ ತಡವರಿಸದೆ ಉತ್ತರ ಕೊಡುತ್ತಿದ್ದರು. ವಯಸ್ಸು, ವೃತ್ತಿ, ಎಲ್ಲಿಂದ ಬಂದಿರಿ, ಎಷ್ಟು ಜನ, ಎಷ್ಟು ದಿನ. ಏಳನೆಯದಕ್ಕೆ ಬಂದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. 'ಈ ರಾಷ್ಟ್ರೀಯ ಉದ್ಯಾನಕ್ಕೆ ನಿಮ್ಮ ಭೇಟಿಯ ಮುಖ್ಯ ಕಾರಣವೇನು?' ಅದರ ಕೆಳಗೆ ಆರು ಚೌಕಗಳು. ಪ್ರಾಣಿ ವೀಕ್ಷಣೆ. ಪಕ್ಷಿ ವೀಕ್ಷಣೆ. ಫೋಟೋ. ವಿಶ್ರಾಂತಿ. ಕುಟುಂಬದೊಂದಿಗೆ ಕಾಲ ಕಳೆಯುವುದು. ಇತರೆ, ವಿವರಿಸಿ.

ದೇಶದವರಿಗೆ ಬಿಳಿ ಫಾರಂ, ಹೊರದೇಶದವರಿಗೆ ಹಳದಿ. ಪ್ರವೇಶದ ಗೇಟಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ನಾನು ಕೂರುತ್ತಿದ್ದೆ. ಎಡಕ್ಕೆ ಟಿಕೆಟ್ ಕೌಂಟರ್. ಬಲಕ್ಕೆ ನನ್ನ ಅತ್ತೆಯ ಬಾಡಿಗೆ ಬೂಟಿನ ಅಂಗಡಿ. ಅಂಗಡಿಯೆಂದರೆ ಮೂರು ಹಲಗೆ, ನೂರಿಪ್ಪತ್ತು ಜೊತೆ ಬೂಟು, ಒಂದು ಸ್ಟೂಲು. ಅತ್ತೆ ಬಂದವರ ಮುಖ ನೋಡುತ್ತಿರಲಿಲ್ಲ.

"ಕಾಲು ನೋಡಿದ್ರೆ ಸಾಕು, ಅವರ ಇಡೀ ಪುರಾಣ ಹೇಳಿಬಿಡ್ತೀನಿ," ಎನ್ನುತ್ತಿದ್ದರು. "ನಮ್ಮೋರು ಮದುವೆ ಮನೆಗೆ ಹೊರಟ ಹಾಗೆ ಚಪ್ಪಲಿ ಹಾಕ್ಕೊಂಡು ಬರ್ತಾರೆ. ಹೊರದೇಶದೋರು ಯುದ್ಧಕ್ಕೆ ಹೊರಟ ಹಾಗೆ ಬರ್ತಾರೆ. ಸಂಜೆ ಇಬ್ಬರಿಗೂ ಅದೇ ಜಾಗದಲ್ಲಿ ಬೊಬ್ಬೆ."

ನನ್ನ ಗಂಡ ಈ ಉದ್ಯಾನದಲ್ಲಿ ಕಾಲುದಾರಿಯ ಕಾವಲುಗಾರನಾಗಿದ್ದ. ಕಳೆದ ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರವನ್ನು ತೆಗೆಯುವಾಗ ಇನ್ನೊಂದು ಮರ ಅವನ ಮೇಲೆ ಬಿತ್ತು. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ನಾನು ಸಂಖ್ಯಾಶಾಸ್ತ್ರ ಓದಿದವಳೆಂದು ಯಾರೋ ನೆನಪಿಸಿದ್ದರಿಂದ ಸಮೀಕ್ಷೆಯ ಕೆಲಸ ಕೊಟ್ಟರು. ನನಗೆ ಅದು ಒಗ್ಗಿತು. ಪ್ರಶ್ನೆ ನನ್ನದಲ್ಲ, ಉತ್ತರವೂ ನನ್ನದಲ್ಲ. ಗುರುತು ಹಾಕುವುದಷ್ಟೇ ನನ್ನ ಪಾಲಿನದು.

ಮೊದಲ ದಿನವೇ ಆರನೆಯ ಚೌಕ ತೊಂದರೆ ಕೊಟ್ಟಿತು. ಮೂವರಲ್ಲಿ ಒಬ್ಬರು "ಸುಮ್ನೆ ಬಂದ್ವಿ" ಎನ್ನುತ್ತಿದ್ದರು. ಹಳದಿ ಫಾರಮ್ಮಿನವರು ಅದನ್ನೇ ಅವರ ಭಾಷೆಯಲ್ಲಿ ಹೇಳಿ ಹೆಗಲು ಕುಣಿಸುತ್ತಿದ್ದರು. ಕಚೇರಿಯ ಗುಮಾಸ್ತರು ನನ್ನ ಕಟ್ಟು ತಿರುವಿ ತಲೆ ಚಚ್ಚಿಕೊಂಡರು.

"ಇತರೆ ಅಂತ ಇಷ್ಟೊಂದು ಬಂದ್ರೆ ಮೇಲಿನೋರು ನನ್ನ ಕುತ್ತಿಗೆಗೆ ಬೀಳ್ತಾರೆ ಕಣಮ್ಮ. ಹತ್ತಿರದ ಚೌಕಕ್ಕೆ ತಳ್ಳಿಬಿಡಿ. ಸುಮ್ನೆ ಬಂದೋರು ಅಂದ್ರೆ ವಿಶ್ರಾಂತಿಗೆ ಬಂದೋರು ತಾನೆ?"

ಹಾಗೆ ಮಾಡಬಾರದೆಂದು ನನಗೆ ಗೊತ್ತಿತ್ತು. ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಬೇಕೆಂದು ಎರಡು ವರ್ಷ ಪಾಠ ಹೇಳಿಸಿಕೊಂಡಿದ್ದೆ. ಆದರೂ ತಳ್ಳಿದೆ. ಐವತ್ತೆರಡು ದಿನ ತಳ್ಳಿದೆ.

ಉದ್ಯಾನದ ಕೊನೆಯಲ್ಲಿ ಒಂದು ಕಮರಿ ಇದೆ. ಅದನ್ನು ಎಲ್ಲರೂ ಅಂಚು ಎಂದೇ ಕರೆಯುತ್ತಾರೆ. ಅಲ್ಲಿಗೆ ಮೂರು ಗಂಟೆಯ ಏರುದಾರಿ. ದಿನಕ್ಕೊಂದು ತಂಡ, ತಂಡಕ್ಕೆ ಹನ್ನೆರಡು ಜನ. ನನ್ನ ಗಂಡನ ತಂಗಿ ಆ ದಾರಿಯ ಗೈಡು. ಅವಳು ಮಾತಾಡಿದರೆ ಗೇಟಿನಿಂದ ವಸತಿಗೃಹದ ತನಕ ಕೇಳುತ್ತದೆಂದು ಇಡೀ ಇಲಾಖೆ ಅವಳನ್ನು ಮೈಕು ಎನ್ನುತ್ತದೆ.

ಈ ವರ್ಷ ಕಚೇರಿಯ ಗೋಡೆಯ ಮೇಲೆ ಹೊಸ ನಕ್ಷೆ ಬಂದಿತ್ತು. ಅಂಚಿನ ತನಕ ಬಸ್ಸಿನ ರಸ್ತೆ, ಅಲ್ಲೊಂದು ಗಾಜಿನ ಕೋಣೆ, ನಲವತ್ತು ವಾಹನಗಳಿಗೆ ಜಾಗ. ಕಾಲುದಾರಿ ಮುಚ್ಚುತ್ತದೆ. ಮೈಕು ಇನ್ನೊಂದು ಗೇಟಿನ ಟಿಕೆಟ್ ಕೌಂಟರಿಗೆ ಹೋಗುತ್ತಾಳೆ. ಜನ ಯಾಕೆ ಬರುತ್ತಾರೆಂದು ಸಮೀಕ್ಷೆ ಹೇಳಲಿ, ಅದನ್ನು ನೋಡಿ ಶುಕ್ರವಾರದ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದು ಉದ್ಯಾನದ ಸಾಹೇಬರು ಹೇಳಿದ್ದರು.

ಭಾನುವಾರ ಸಂಜೆ ನಾನು ಕೋಷ್ಟಕವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಮೈಕು ಸಾಕ್ಸು ಬಿಚ್ಚುತ್ತಾ ಬಂದು ಬಗ್ಗಿ ನೋಡಿದಳು.

"ವಿಶ್ರಾಂತಿ, ನೂರಕ್ಕೆ ಮೂವತ್ತೆಂಟಾ?"

"ಹೂಂ."

"ಅತ್ತಿಗೆ, ಮೂರು ಗಂಟೆ ಏದುಸಿರು ಬಿಡ್ತಾ ಬೆಟ್ಟ ಹತ್ತೋನು ವಿಶ್ರಾಂತಿಗೆ ಬಂದಿದ್ದಾನಾ? ಮನೇಲಿ ಮಂಚ ಇರಲಿಲ್ವಾ ಅವನಿಗೆ?"

"ಮೆಲ್ಲಗೆ ಮಾತಾಡೇ," ಎಂದರು ಅತ್ತೆ ಒಲೆಯ ಮುಂದಿನಿಂದ. "ಮಂಚದ ವಿಷಯ ಊರಿಗೆಲ್ಲ ಕೇಳುತ್ತೆ."

"ಇರು ಅಮ್ಮ. ಅತ್ತಿಗೆ, ಇತರೆ ಯಾಕೆ ಸೊನ್ನೆ?"

ನಾನು ಹೇಳಿದೆ. ಗುಮಾಸ್ತರು ಅಂದದ್ದು, ನಾನು ತಳ್ಳಿದ್ದು.

"ಅವರು ಏನೇನು ಹೇಳಿದ್ರು ಅಂತ ಎಲ್ಲಾದ್ರೂ ಬರೆದಿಟ್ಟಿದ್ದೀರಾ?"

"ಇಲ್ಲ."

ಮೈಕು ಸುಮ್ಮನಾದಳು. ಅವಳು ಸುಮ್ಮನಾದರೆ ನಮ್ಮ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳುತ್ತದೆ. ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.

"ಈ ಕಾಗದ ಸಭೆಗೆ ಹೋದ್ರೆ ದಾರಿ ಹೋಯ್ತು," ಎಂದಳು ಮೈಕು. ಅವಳ ದನಿ ಮೊದಲ ಸಲ ಕೋಣೆಯೊಳಗೇ ಉಳಿದಿತ್ತು. "ವಿಶ್ರಾಂತಿಗೆ ಬಂದೋರಿಗೆ ಬಸ್ಸು ಬೇಕು, ಕುರ್ಚಿ ಬೇಕು, ಗಾಜಿನ ಕೋಣೆ ಬೇಕು. ಸಾಹೇಬರು ಹೇಳೋದು ಸರಿಯಾಗೇ ಇದೆ. ಅಣ್ಣನ ಹೆಸರು ಎತ್ತಲ್ಲ. ನಿಮ್ಮನ್ನೇ ಕೇಳ್ತೀನಿ. ನೀವು ಓದಿದೋರು. ಇದು ನಿಜವಾದ ಲೆಕ್ಕನಾ?"

"ಅಲ್ಲ."

"ಮತ್ತೆ?"

ನಾನು ಕೋಷ್ಟಕ ನೋಡಿದೆ. ಇನ್ನೂ ಒಂದು ತಪ್ಪು ಅದರಲ್ಲಿತ್ತು. ಅದು ಗುಮಾಸ್ತರದೂ ಅಲ್ಲ, ನನ್ನದೂ ಅಲ್ಲ, ಫಾರಂ ಮಾಡಿದವರದು. ನಾವು ಜನರನ್ನು ಒಳಗೆ ಹೋಗುವ ಮುಂಚೆ ಕೇಳುತ್ತಿದ್ದೆವು. ಟಿಕೆಟಿಗೆ ಸಾಲು ನಿಂತವನು ಟಿಕೆಟಿನ ಮೇಲಿನ ಚಿತ್ರ ನೋಡಿ ಉತ್ತರ ಹೇಳುತ್ತಿದ್ದ.

"ನಾಲ್ಕು ದಿನ ಇದೆ," ಎಂದೆ. "ಒಳಗೆ ಹೋಗಿ ನೋಡಿದೋರನ್ನ ಕೇಳಬೇಕು."

"ಹಾಗಾದ್ರೆ ಮೇಲಕ್ಕೆ ಬನ್ನಿ."

ಅಂಚಿಗೆ ಬಾ ಎಂದು ನನ್ನ ಗಂಡ ಮೂರು ಸಲ ಕರೆದಿದ್ದ. ಒಮ್ಮೆ ಪರೀಕ್ಷೆ ಇತ್ತು, ಒಮ್ಮೆ ಜ್ವರ, ಒಮ್ಮೆ ಬರೀ ಸೋಮಾರಿತನ. ಅವನು ಹೋದ ಮೇಲೆ ಮೈಕು ಕರೆದಳು. ಆಗ ನಾನು ನೆಪ ಸಹ ಹೇಳಲಿಲ್ಲ.

ಅತ್ತೆ ಸೌಟನ್ನು ಮೇಜಿನ ಮೇಲಿಟ್ಟು ನನ್ನ ಪಾದ ನೋಡಿದರು. "ಮೂವತ್ತೇಳು," ಎಂದರು. "ಎಡಗಾಲು ಸ್ವಲ್ಪ ಅಗಲ. ಹಳೇದನ್ನೇ ಕೊಡ್ತೀನಿ, ಕಚ್ಚಲ್ಲ."

ಸೋಮವಾರ ಆರು ಗಂಟೆಗೆ ಹೊರಟೆವು. ಆ ದಿನದ ಹನ್ನೆರಡರಲ್ಲಿ ಏಳು ಬಿಳಿ, ಐದು ಹಳದಿ. ಒಬ್ಬ ಗಾರೆ ಮೇಸ್ತ್ರಿ, ಜೊತೆಗೆ ಅವನ ತಾಯಿ. ಹೊಸದಾಗಿ ಮದುವೆಯಾದ ಜೋಡಿ, ಹುಡುಗಿಯ ಕೈಯಲ್ಲಿ ಎರಡು ಫೋನು. ಒಂದೇ ಶಾಲೆಯ ಮೂವರು ಶಿಕ್ಷಕಿಯರು. ಹೊರದೇಶದವರಲ್ಲಿ ನಿವೃತ್ತ ರೈಲು ಚಾಲಕ ಮತ್ತು ಅವನ ಇಬ್ಬರು ಗೆಳೆಯರು, ಇನ್ನು ಒಬ್ಬ ತಾಯಿ ಮತ್ತು ಮಗಳು. ತಾಯಿ ಮಗಳ ನಡುವೆ ಜಗಳವಾಗಿತ್ತು. ಅದಕ್ಕೆ ಭಾಷೆ ಗೊತ್ತಿರಬೇಕಾಗಿರಲಿಲ್ಲ. ಇಬ್ಬರೂ ದಾರಿಯುದ್ದಕ್ಕೂ ಬೇರೆ ಬೇರೆ ನೀರಿನ ಬಾಟಲಿ ತೆಗೆದು ಕುಡಿದರು.

ಹೆಚ್ಚು ಕಡಿಮೆ ಮೂರು ಗಂಟೆಯೂ ಕಾಡು. ಒಂದು ಬಾಲವೂ ಕಾಣಲಿಲ್ಲ.

"ಪ್ರಾಣಿ ಎಲ್ಲಿ?" ಎಂದ ಹೊಸ ಮದುಮಗ.

"ನಿಮ್ಮ ಶರ್ಟು ನೋಡಿ ಓಡಿಹೋಗಿವೆ," ಎಂದಳು ಮೈಕು. ಶರ್ಟು ಕಿತ್ತಳೆ ಬಣ್ಣದ್ದು. ಅವನ ಹೆಂಡತಿ, "ನಾನು ಹೇಳಲಿಲ್ವಾ?" ಎಂದಳು.

ಮೇಸ್ತ್ರಿಯ ತಾಯಿ ಪ್ರತಿ ತಿರುವಿನಲ್ಲೂ ಕೂತರು. ಕೂತಲ್ಲೆಲ್ಲ ಮಗನಿಗೆ ಬೈದರು. "ಬೇರೆಯೋರ ಮಕ್ಕಳು ತಾಯೀನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ಇವನು ಕಲ್ಲು ತೋರಿಸೋಕೆ ಕರ್ಕೊಂಡು ಬಂದಿದ್ದಾನೆ. ಮನೇಲಿ ಕಲ್ಲು ಕಡಿಮೆ ಆಗಿತ್ತಾ?"

ಒಂಬತ್ತಕ್ಕೆ ಸ್ವಲ್ಪ ಮೊದಲು ಮರಗಳು ಮುಗಿದವು. ಎದುರಿಗೆ ಎರಡಾಳು ಎತ್ತರದ ಒಂದು ಬಂಡೆ. ದಾರಿ ಅದನ್ನು ಸುತ್ತಿ ಆಚೆಗೆ ಹೋಗುತ್ತದೆ. ಬಂಡೆಯ ಈಚೆ ನಿಂತವರಿಗೆ ಆಚೆಯದೇನೂ ಕಾಣುವುದಿಲ್ಲ. ಮೈಕು ಎಲ್ಲರನ್ನೂ ಅಲ್ಲಿ ನಿಲ್ಲಿಸಿದಳು.

"ಇಲ್ಲಿಂದ ಮುಂದೆ ಯಾರೂ ಮಾತಾಡೋ ಹಾಗಿಲ್ಲ. ನಾನೂ ಮಾತಾಡಲ್ಲ. ನಾನೇ ಬಾಯಿ ಮುಚ್ತೀನಿ ಅಂದ್ರೆ ಆಚೆ ಇರೋದು ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ. ಒಬ್ಬೊಬ್ಬರೇ ಹೋಗಬೇಕು. ನೂರು ಎಣಿಸಿ ಆಮೇಲೆ ಇನ್ನೊಬ್ಬರನ್ನ ಬಿಡ್ತೀನಿ. ಗಂಡ ಹೆಂಡತಿಗೂ ಅಷ್ಟೇ, ರಾಜ ರಾಣಿಗೂ ಅಷ್ಟೇ."

ಈ ಪದ್ಧತಿ ಶುರು ಮಾಡಿದವನು ನನ್ನ ಗಂಡ. ಹತ್ತು ಜನರ ಜೊತೆ ನೋಡಿದರೆ ಆ ಹತ್ತು ಜನವೇ ಕಾಣುತ್ತಾರೆ ಎನ್ನುತ್ತಿದ್ದನಂತೆ. ನನಗೆ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ನಾನು ಮೊದಲು ಹೋದೆ. ನೆಲ ನೋಡಿಕೊಂಡು ಹೋದೆ. ಬೂಟು, ಕಲ್ಲು, ಬೂಟು, ಕಲ್ಲು. ಹತ್ತು ಹೆಜ್ಜೆಗೆ ಒಂದು ಚಪ್ಪಟೆ ಜಾಗ ಸಿಕ್ಕಿತು. ತಲೆ ಎತ್ತುವ ಮೊದಲೇ ತಿರುಗಿ, ಕಮರಿಗೆ ಬೆನ್ನು ಹಾಕಿ, ಬಂಡೆಯ ಕಡೆ ಮುಖ ಮಾಡಿ ನಿಂತೆ. ನಾನು ಬಂದದ್ದು ಫಾರಮ್ಮಿಗಾಗಿ. ಕುತ್ತಿಗೆಯ ಹಿಂದೆ ತಣ್ಣಗಿನ ಏನೋ ಇತ್ತು. ಬಹಳ ದೊಡ್ಡ ಕೋಣೆಯ ಬಾಗಿಲು ತೆರೆದಿಟ್ಟ ಹಾಗೆ.

ಮೊದಲು ಬಂದವಳು ಎರಡು ಫೋನಿನ ಹುಡುಗಿ. ಒಂದು ಫೋನು ಆಗಲೇ ಮುಖದ ಎತ್ತರದಲ್ಲಿತ್ತು. ಬಂಡೆ ದಾಟಿದಳು. ಫೋನು ಅಲ್ಲೇ ನಿಂತಿತು. ನಿಧಾನವಾಗಿ, ಅವಳಿಗೇ ತಿಳಿಯದಂತೆ, ಕೈ ಕೆಳಗಿಳಿಯಿತು. ಮದುವೆಯ ಬಳೆ ತೊಟ್ಟ ದೊಡ್ಡ ಹೆಂಗಸಾಗಿದ್ದವಳು ಏಳು ವರ್ಷದವಳಾದಳು.

ಅವಳ ಗಂಡ ಬಂದ. ನಗುತ್ತಾ ಬಂದವನು ನಗುವನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಇಟ್ಟುಕೊಂಡು ನಿಂತ.

ಶಿಕ್ಷಕಿಯರು ಬಂದರು, ನೂರರ ಅಂತರದಲ್ಲಿ ಒಬ್ಬೊಬ್ಬರು. ಮೊದಲನೆಯವರು ಬಾಯಿಗೆ ಕೈ ಅಡ್ಡ ಹಿಡಿದರು. ಎರಡನೆಯವರು ಕೈಚೀಲವನ್ನು ಎದೆಗೆ ಒತ್ತಿಕೊಂಡರು. ಮೂರನೆಯವರು ತಮ್ಮ ಇಬ್ಬರು ಗೆಳತಿಯರನ್ನು ದಾಟಿ ಹೋದರು, ಅವರು ಅಲ್ಲಿದ್ದಾರೆಂದು ಗೊತ್ತೇ ಇಲ್ಲದವರ ಹಾಗೆ.

ರೈಲು ಚಾಲಕ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದ. ಮತ್ತೆ ತೆಗೆದ. ಆಮೇಲೆ ಟೋಪಿಯನ್ನೂ ತೆಗೆದ. ಅವನ ಗೆಳೆಯರು ಬಂದು ಅವನ ಎರಡೂ ಬದಿಗೆ ನಿಂತಾಗ ಅವನು ಅವರ ಕಡೆ ತಿರುಗಲಿಲ್ಲ.

ಹೊರದೇಶದ ತಾಯಿ ಬಂದಳು. ಅವಳು ನೋಡಿದ್ದು ಒಂದು ಕ್ಷಣ ಮಾತ್ರ. ತಕ್ಷಣ ಹಿಂದಕ್ಕೆ ತಿರುಗಿ ಬಂಡೆಯ ಕಡೆ ನೋಡುತ್ತಾ ನಿಂತಳು. ಮಗಳು ಯಾವಾಗ ಬರುತ್ತಾಳೆಂದು ಕಾಯುತ್ತಿದ್ದಳು. ನೂರು ಎಣಿಸುವಷ್ಟು ಹೊತ್ತು ಅವಳೂ ನಾನೂ ಒಂದೇ ಕಡೆ ನೋಡುತ್ತಿದ್ದೆವು. ಮಗಳು ಬಂದಳು. ಮಗಳ ಮುಖ ಬದಲಾಗುವುದನ್ನು ತಾಯಿ ನೋಡಿದಳು. ಅದನ್ನೇ ನೋಡಲು ಬಂದವಳ ಹಾಗೆ ನೋಡಿದಳು.

ಇಷ್ಟೂ ಹೊತ್ತು ನಾನು ಕಮರಿಯನ್ನು ನೋಡಿರಲಿಲ್ಲ. ಆದರೆ ಹತ್ತು ಮುಖಗಳಲ್ಲಿ ಅದು ಬಂದುಹೋಗುವುದನ್ನು ನೋಡಿದ್ದೆ. ಬಿಳಿ ಫಾರಮ್ಮಿನ ಮುಖಕ್ಕೂ ಹಳದಿ ಫಾರಮ್ಮಿನ ಮುಖಕ್ಕೂ ವ್ಯತ್ಯಾಸ ಇರಲಿಲ್ಲ. ನನ್ನ ಕೈಯಲ್ಲಿ ಪೆನ್ನಿತ್ತು. ಒಂದು ಗುರುತೂ ಹಾಕಿರಲಿಲ್ಲ.

ಮೇಸ್ತ್ರಿ ಬಂದ. ಅವನ ಹಿಂದೆ ಕೊನೆಯವರಾಗಿ ಅವನ ತಾಯಿ, ಮಂಡಿಯ ಮೇಲೆ ಕೈಯೂರಿಕೊಂಡು. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಏನಮ್ಮ ನೀನು," ಎಂದರು. ಮಾತಾಡಬಾರದೆಂಬುದು ಅವರಿಗೆ ಮರೆತಿತ್ತು, ಅಥವಾ ಅದು ತಮಗಲ್ಲವೆಂದು ಅಂದುಕೊಂಡಿದ್ದರು. "ಇಂಥದಕ್ಕೆ ಬೆನ್ನು ಹಾಕ್ಕೊಂಡು ನಿಂತಿದ್ದೀಯಲ್ಲ. ತಿರುಗು."

ನನ್ನ ಎರಡೂ ಭುಜ ಹಿಡಿದು, ಮಗುವನ್ನು ಕನ್ನಡಿಯ ಕಡೆ ತಿರುಗಿಸುವಂತೆ ತಿರುಗಿಸಿದರು.

ನೆಲ ಇರಲಿಲ್ಲ. ಮೊದಲು ತಿಳಿದದ್ದು ಅಷ್ಟೇ. ಕಾಲಿನಿಂದ ಮೂರು ಮಾರು ಆಚೆಗೆ ನೆಲ ನಿಂತುಹೋಗಿತ್ತು. ಅಲ್ಲಿಂದ ಕಮರಿಯ ಆಚೆಯ ಕಲ್ಲುಗೋಡೆಯ ತನಕ ಬರೀ ಗಾಳಿ. ಆ ಗೋಡೆ ಎಷ್ಟು ದೂರವೆಂದರೆ ಅದರ ಬಣ್ಣ ತೆಳುವಾಗಿತ್ತು. ನನ್ನ ಕೆಳಗೆ, ಬಹಳ ಕೆಳಗೆ, ಮೂರು ಹದ್ದುಗಳು ಸುತ್ತುತ್ತಿದ್ದವು. ಅವುಗಳ ಬೆನ್ನು ಕಾಣುತ್ತಿತ್ತು. ಹುಟ್ಟಿದಾಗಿನಿಂದ ನಾನು ಹದ್ದಿನ ಹೊಟ್ಟೆಯನ್ನಷ್ಟೇ ನೋಡಿದ್ದೆ.

ಸೂರ್ಯನ ಬೆಳಕು ಆಚೆಯ ಗೋಡೆಯ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಗೆರೆಯ ಮೇಲೆ ಸುಟ್ಟ ಇಟ್ಟಿಗೆಯ ಬಣ್ಣ, ಗೆರೆಯ ಕೆಳಗೆ ಶಾಯಿ. ಬೆಳಕು ಮುಟ್ಟಿದ ಪ್ರತಿ ಸಂದಿನಿಂದಲೂ ಸಣ್ಣ ಹಕ್ಕಿಗಳು ಹೊರಬಿದ್ದು ಗಾಳಿಯಲ್ಲಿ ಚೆಲ್ಲಿಹೋಗುತ್ತಿದ್ದವು. ಅವು ಕೂಗುತ್ತಿರಬೇಕು. ಕೂಗು ನಮ್ಮ ತನಕ ಬರುತ್ತಿರಲಿಲ್ಲ. ಗೋಡೆಯಲ್ಲೊಂದು ಬಿಳಿ ದಾರ ನೇತಾಡುತ್ತಿತ್ತು. ಅಲುಗಾಡದ ಆ ದಾರವನ್ನು ಎಷ್ಟೋ ಹೊತ್ತು ನೋಡಿದ ಮೇಲೆ ಅದು ಜಲಪಾತವೆಂದು ತಿಳಿಯಿತು. ಅದು ಬೀಳುತ್ತಲೇ ಇತ್ತು. ಬಿದ್ದು ಮುಗಿಯಲು ಅದಕ್ಕೆ ಅಷ್ಟು ಹೊತ್ತು ಬೇಕಾಗಿತ್ತು. ತಳದಲ್ಲಿ ಪಾಚಿ ಹಿಡಿದಂತೆ ಕಂಡದ್ದು ಕಾಡು.

ಬೆಳಕು ತಳ ಮುಟ್ಟಿದಾಗ ಗಾಳಿ ತಿರುಗಿತು. ಅಲ್ಲಿಯ ತನಕ ನಮ್ಮ ಹೆಗಲ ಮೇಲಿಂದ ಕಮರಿಗೆ ಇಳಿಯುತ್ತಿದ್ದ ತಣ್ಣನೆಯ ಗಾಳಿ ಒಂದು ಗಳಿಗೆ ನಿಂತಿತು. ಹದಿಮೂರು ಜನರ ಉಸಿರೂ ನಿಂತಿತ್ತು. ಆಮೇಲೆ ಕೆಳಗಿನಿಂದ ಬೆಚ್ಚಗೆ, ಒದ್ದೆ ಕಲ್ಲಿನ ಮತ್ತು ಎಲೆಯ ವಾಸನೆ ಹೊತ್ತು, ಇಡೀ ಕಮರಿ ನಮ್ಮ ಮುಖಕ್ಕೆ ಉಸಿರು ಬಿಟ್ಟಿತು.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅವನು ಹೋದ ಮೇಲಿನ ಎಂಟು ತಿಂಗಳಲ್ಲಿ ಹೊತ್ತು ಗೊತ್ತಾಗದೆ ಹೋದದ್ದು ಅದೇ ಮೊದಲು. ಮೈಕು ಬಂದು ಪಕ್ಕದಲ್ಲಿ ನಿಂತಿದ್ದಳು. ನನ್ನ ಕೈಯಿಂದ ಜಾರುತ್ತಿದ್ದ ಫಾರಂಗಳನ್ನು ಹಿಡಿದುಕೊಂಡಳು.

ಬಂಡೆಯ ಈಚೆಗೆ ಬಂದ ಮೇಲೆ ನಾನು ಏಳನೆಯ ಪ್ರಶ್ನೆ ಕೇಳಿದೆ. ಚೌಕಗಳನ್ನು ಬಿಟ್ಟೆ. ಹೇಳಿದ್ದನ್ನು ಹೇಳಿದ ಹಾಗೇ ಬರೆದೆ.

ಮೇಸ್ತ್ರಿ ತಲೆ ಕೆರೆದುಕೊಂಡ. "ನಾನು ಗೋಡೆ ಕಟ್ಟೋನು ಮೇಡಂ. ಆ ಗೋಡೆ ನೋಡಿದ್ರಲ್ಲ, ಮೇಲಿಂದ ಕೆಳಗಿನ ತನಕ ಬಿರುಕು. ನಾನು ಹಾಗೆ ಕಟ್ಟಿದ್ರೆ ಮಾಲೀಕ ಒಡೆಸಿಹಾಕ್ತಿದ್ದ. ಅದು ನಿಂತಿದೆ. ಯಾಕೆ ಬಂದೆ ಅಂದ್ರೆ ಏನು ಹೇಳ್ಲಿ? ನಿಂತಿರೋದನ್ನ ನೋಡೋಕೆ."

ರೈಲು ಚಾಲಕ, ತಾನು ನಲವತ್ತು ವರ್ಷ ಮುಂದಿನದನ್ನು ಮಾತ್ರ ನೋಡಿದ್ದಾಗಿಯೂ, ಎರಡು ಕಂಬಿ ಮತ್ತು ಒಂದು ದೀಪ ಬಿಟ್ಟು ಬೇರೇನೂ ನೋಡಕೂಡದೆಂಬುದು ತನ್ನ ಕೆಲಸದ ನಿಯಮವಾಗಿತ್ತೆಂದೂ ಹೇಳಿದ. "ಈಗ ಪಕ್ಕಕ್ಕೆ ನೋಡಲು ಬರುತ್ತಿದ್ದೇನೆ," ಎಂದ.

ಹೊರದೇಶದ ಮಗಳು, ತಮ್ಮ ಊರಿನ ಹತ್ತಿರ ಇದಕ್ಕಿಂತ ಆಳದ ಕಮರಿ ಇದೆಯೆಂದಳು. ಮತ್ತೇಕೆ ಇಷ್ಟು ದೂರ ಎಂದು ಕೇಳಿದೆ. ಅವಳು ತಾಯಿಯ ಕಡೆ ನೋಡಿದಳು. ತಾಯಿ ಉತ್ತರ ಕೊಟ್ಟಳು. "ಅದನ್ನು ಹುಟ್ಟಿದಾಗಿನಿಂದ ನೋಡಿದ್ದೇವೆ. ಈಗ ಕಾಣಿಸುವುದಿಲ್ಲ."

ಎರಡು ಫೋನಿನ ಹುಡುಗಿ ಆಗಲೇ ತೆಗೆದ ಫೋಟೋ ತೋರಿಸಿ ಸಿಟ್ಟಾದಳು. "ನೋಡಿ, ಯಾರದೋ ಮನೆ ಹಿಂದಿನ ಗುಂಡಿ ಥರ ಬಂದಿದೆ. ಇದನ್ನ ಕಳಿಸಿದ್ರೆ ಯಾರು ನಂಬ್ತಾರೆ? ಅವರೇ ಬಂದು ಸಾಯಲಿ!"

ಮೇಸ್ತ್ರಿಯ ತಾಯಿ ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. "ನಾನ್ಯಾಕೆ ಬರ್ಲಿ? ಮಗ ಕರ್ಕೊಂಡು ಬಂದ. ಅಲ್ಲಿ ನಿಂತಾಗ ನನ್ನ ಮಂಡಿ ನೋವು ಎಷ್ಟು ಸಣ್ಣದು ಅನ್ನಿಸ್ತು. ಇಳಿಯೋವಾಗ ಮತ್ತೆ ದೊಡ್ಡದಾಗುತ್ತೆ, ಗೊತ್ತು. ಬರ್ಕೋ."

ನಾನು ಇನ್ನೊಂದು ಪ್ರಶ್ನೆ ಸೇರಿಸಿದ್ದೆ. ಇಲ್ಲಿಯ ತನಕ ಬಸ್ಸು ಇದ್ದಿದ್ದರೆ ಬಸ್ಸಿನಲ್ಲೇ ಬರುತ್ತಿದ್ದಿರಾ?

"ಇದ್ಯಾವ ಪ್ರಶ್ನೆ? ಬರ್ತಿದ್ದೆ! ನಂಗೇನು ಹುಚ್ಚಾ?" ಎಂದರು ಅವರು.

ಮೈಕು ಇಳಿಯುವಾಗ ನನ್ನ ತೋಳು ಹಿಡಿದೆಳೆದಳು. "ಆ ಪ್ರಶ್ನೆ ಬಿಟ್ಟುಬಿಡಿ ಅತ್ತಿಗೆ. ನಮ್ಮ ಕುತ್ತಿಗೆ ನಾವೇ ಕುಯ್ಕೊಂಡ ಹಾಗೆ."

"ಐವತ್ತೆರಡು ದಿನ ಬಿಟ್ಟಿದ್ದು ಸಾಕು," ಎಂದೆ.

ಅವಳು ಗೇಟಿನ ತನಕ ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ನನ್ನ ಬೂಟಿನ ದಾರ ಅವಳೇ ಬಿಗಿದಳು.

ನಾಲ್ಕು ದಿನ ಹತ್ತಿದೆ. ನಲವತ್ತೆಂಟು ಜನ. ನಾಲ್ಕು ದಿನವೂ ಮೊದಲು ಮುಖಗಳನ್ನು ನೋಡಿದೆ, ಆಮೇಲೆ ತಿರುಗಿದೆ. ಒಂದು ದಿನ ಮೋಡವಿತ್ತು, ಬೆಳಕಿನ ಗೆರೆ ಇರಲಿಲ್ಲ. ಮುಖಗಳು ಅವೇ ಆಗಿದ್ದವು.

ಶುಕ್ರವಾರದ ಸಭೆಯಲ್ಲಿ ಉದ್ದದ ಮೇಜಿಗೆ ಐದು ಜನ. ಸಾಹೇಬರು, ರಸ್ತೆಯ ಎಂಜಿನಿಯರು, ಇಬ್ಬರು ಮೇಲಧಿಕಾರಿಗಳು, ಮೂಲೆಯಲ್ಲಿ ಗುಮಾಸ್ತರು. ನಾನು ನಿಂತೇ ಹೇಳಿದೆ. ಹಳೆಯ ಕೋಷ್ಟಕ ತಪ್ಪು. ಇತರೆ ಎಂದವರನ್ನೆಲ್ಲ ನಾನು ವಿಶ್ರಾಂತಿಗೆ ಸೇರಿಸಿದ್ದೇನೆ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಐವತ್ತೆರಡು ದಿನದ ಕೆಲಸ ತಪ್ಪು ಅಂತ ಇವತ್ತು ಹೇಳ್ತಿದ್ದೀರಾ?"

"ಹೌದು ಸರ್."

"ಹಾಗೆ ಮಾಡಿ ಅಂತ ಯಾರು ಹೇಳಿದ್ದು?"

ನಾನು ಗುಮಾಸ್ತರ ಕಡೆ ನೋಡಲಿಲ್ಲ. ಮೂಲೆಯಲ್ಲಿ ಕುರ್ಚಿ ಕಿರುಗುಟ್ಟಿತು. "ನಾನು ಸರ್," ಎಂದರು ಗುಮಾಸ್ತರು. "ನಿಮಗೆ ಇತರೆ ಅಂದ್ರೆ ಆಗಲ್ಲ ಅಂತ..."

ಸಾಹೇಬರು ನನ್ನ ಹಾಳೆಗಳನ್ನು ಎಳೆದುಕೊಂಡರು. ಗಟ್ಟಿಯಾಗಿ ಓದತೊಡಗಿದರು, ಪಟ್ಟಿ ಓದುವ ದನಿಯಲ್ಲಿ. ಮೇಸ್ತ್ರಿಯ ಬಿರುಕು. ರೈಲು ಚಾಲಕನ ಕಂಬಿ. ಯಾರದೋ ಮನೆಯ ಹಿಂದಿನ ಗುಂಡಿ. ಮೂರು ಹಾಳೆಯಾದ ಮೇಲೆ ದನಿ ಸಣ್ಣದಾಯಿತು. ಆಮೇಲೆ ಮನಸ್ಸಿನಲ್ಲೇ ಓದಿಕೊಂಡರು.

"ಇವೆಲ್ಲ ಕೇಳೋಕೆ ಚೆನ್ನಾಗಿದೆ," ಎಂದರು ಎಂಜಿನಿಯರು. "ಅಂಕಿ ಎಲ್ಲಿ?"

"ನಲವತ್ತೆಂಟರಲ್ಲಿ ಹತ್ತೊಂಬತ್ತು ಜನ ಬಸ್ಸು ಬೇಕು ಅಂದಿದ್ದಾರೆ," ಎಂದೆ. ಎಂಜಿನಿಯರ ಮುಖ ಅರಳಿತು. "ಆ ಹತ್ತೊಂಬತ್ತರಲ್ಲಿ ಹದಿನೇಳು ಜನ, ಬಸ್ಸು ಬಂದ್ರೂ ಬಂಡೆ ಸುತ್ತಿ ಒಬ್ಬೊಬ್ಬರೇ ಹೋಗೋದನ್ನ ತೆಗೀಬೇಡಿ ಅಂದಿದ್ದಾರೆ."

ಚರ್ಚೆ ಒಂದು ಗಂಟೆ ನಡೆಯಿತು. ನನ್ನನ್ನು ಹೊರಗೆ ಕೂರಿಸಿದ್ದರು. ಆಮೇಲೆ ಸಾಹೇಬರು ಕರೆದು ತೀರ್ಮಾನ ಹೇಳಿದರು. ರಸ್ತೆ ಆಗುತ್ತದೆ. ಆದರೆ ಮರಗಳು ಮುಗಿಯುವ ಜಾಗಕ್ಕೆ ಅರ್ಧ ಗಂಟೆಯ ನಡಿಗೆಯಷ್ಟು ಮುಂಚೆಯೇ ನಿಲ್ಲುತ್ತದೆ. ಉಳಿದದ್ದು ಕಾಲುದಾರಿ. ಗಾಜಿನ ಕೋಣೆ ಈಗ ಬೇಡ.

"ಒಂದು ಬಸ್ಸಿಗೆ ಅರವತ್ತು ಜನ," ಎಂದರು. "ಒಬ್ಬೊಬ್ಬರಿಗೆ ನೂರು ಎಣಿಸಿದ್ರೆ ಎರಡು ಗಂಟೆ ಹತ್ತಿರ ಆಗುತ್ತೆ. ಎರಡು ನಿಮಿಷ ಕಾಯೋ ಜನಾನೇ ನಾನು ನೋಡಿಲ್ಲ. ನೋಡೋಣ. ಕಾಯಿಸಿದ್ರು ಅಂತ ಒಂದು ದೂರು, ಒಂದೇ ಒಂದು ದೂರು ಬರ್ಲಿ, ರಸ್ತೆ ಅಂಚಿನ ತನಕ ಹೋಗುತ್ತೆ. ನೀವು ಮೊದಲಿಂದ ಮತ್ತೆ ಸಮೀಕ್ಷೆ ಮಾಡಿ. ಗೇಟಲ್ಲಿ ಬೇಡ. ಮೇಲೆ."

ಮೈಕಿಗೆ ಇದನ್ನು ಹೇಳಿದಾಗ ಅವಳು ಕೂತುಬಿಟ್ಟಳು. "ಅರವತ್ತಾ? ನೂರು ನೂರಾಗಿ ಅರವತ್ತು ಸಲ ಎಣಿಸಬೇಕಾ ನಾನು?"

"ನಿನ್ನ ಬಾಯಿಗೆ ಒಳ್ಳೆ ಶಿಕ್ಷೆ," ಎಂದರು ಅತ್ತೆ. ಆದರೆ ಅವರೂ ಕೂತರು. ದಾರಿಯ ಕೆಳಗಿನ ಭಾಗ, ರಸ್ತೆಯ ಪಾಲಾಗುವ ಭಾಗ, ಅವರ ಮಗ ಕಲ್ಲು ಹಾಸಿದ್ದ ಭಾಗವಾಗಿತ್ತು.

ರಸ್ತೆ ಮುಂದಿನ ಋತುವಿಗೆ ತಯಾರಾಯಿತು. ಮೊದಲ ಬಸ್ಸಿನಲ್ಲಿ ಅರವತ್ತು ಸೀಟಿಗೆ ಅರವತ್ತು ಜನ. ನಾನು ಬೆಳಿಗ್ಗೆಯೇ ಬಂಡೆಯ ಆಚೆ ನಿಂತಿದ್ದೆ. ಅವರು ಕಾಣುವ ಮೊದಲೇ ಅವರ ಸದ್ದು ಕೇಳಿಸಿತು. ಹಾಡು, ಸೀಟಿ, ಯಾರೋ ಯಾರನ್ನೋ ಕರೆಯುವುದು, ಐದಾರು ಭಾಷೆ. ಮೈಕು ತನ್ನ ಮಾತು ಹೇಳಿದಳು. ಗೊಣಗಾಟ ಎದ್ದಿತು.

"ಬ್ಯಾಂಕಲ್ಲೂ ಇಷ್ಟು ಕಾಯಿಸಲ್ಲ," ಎಂದಿತು ಒಂದು ಗಂಡು ದನಿ.

"ಬ್ಯಾಂಕಲ್ಲಿ ಕಾದ್ರೆ ಕೊನೇಲಿ ಏನು ಸಿಗುತ್ತೆ?" ಎಂದಳು ಮೈಕು.

"ನಾಳೆ ಬನ್ನಿ ಅಂತಾರೆ," ಎಂದಿತು ಇನ್ನೊಂದು ದನಿ. ನಗು. ಆ ನಗುವಿನಲ್ಲೇ ಮೊದಲನೆಯವರು ಬಂಡೆ ಸುತ್ತಿ ಬಂದರು.

ನಿಲ್ಲುವ ಜಾಗ ಸಣ್ಣದು. ಇಪ್ಪತ್ತು ಜನ ಆದ ಮೇಲೆ ಮೊದಲು ಬಂದವರು ಹಿಂದಿರುಗಬೇಕು. ಅವರು ಸಾಲಿನ ಪಕ್ಕದಲ್ಲೇ ಹಾದು ಕೆಳಗೆ ಹೋಗಬೇಕು. ಮೈಕು ಭಯಪಟ್ಟದ್ದು ಅದಕ್ಕೇ. ಹೋದವರು ಹೋಗುತ್ತಾ, ಅಲ್ಲೇನಿದೆ ಮಣ್ಣು ಎಂದುಬಿಟ್ಟರೆ ಸಾಲು ಮುರಿಯುತ್ತದೆ. ಹೋದವರು ಏನೂ ಹೇಳಲಿಲ್ಲ. ಒಬ್ಬೊಬ್ಬರಾಗಿ ಕಾಯುವವರನ್ನು ದಾಟಿ ನಡೆದರು. ಕಾಯುವವರು ಅವರ ಮುಖ ನೋಡಿದರು.

ಬಂಡೆಯ ಹಿಂದಿನ ಸಾಲಿನಲ್ಲಿ ಹಾಡು ಮೊದಲು ನಿಂತಿತು. ಆಮೇಲೆ ಮಾತು. ಮೂವತ್ತನೆಯವರು ಬರುವ ಹೊತ್ತಿಗೆ ಮೈಕು ಎಣಿಸುವುದು ನನಗೆ ಕೇಳುತ್ತಿತ್ತು, ಅವಳು ಪಿಸುಗುಟ್ಟಿಯೇ ಎಣಿಸುತ್ತಿದ್ದಳು. ಮೂವತ್ತು ಜನ ಆ ಬಂಡೆಯ ಹಿಂದೆ, ಸಾಲಾಗಿ, ಒಂದು ನಿಮಿಷಕ್ಕಾಗಿ ಒಂದು ಗಂಟೆ ಕಾಯುತ್ತಾ ನಿಂತಿದ್ದರು. ಕೆಮ್ಮು ಸಹ ಇಲ್ಲ. ನನಗೆ ಕಮರಿಗಿಂತ ಆ ಮೌನವೇ ದೊಡ್ಡದಾಗಿ ಕೇಳಿಸಿತು. ಅದು ಮನುಷ್ಯರು ಮಾಡಿದ್ದು.

ಅರವತ್ತನೆಯವರು ಬಂದು ಹೋದರು. ನಾನು ಹಾಳೆ ಮಡಿಸುತ್ತಿದ್ದೆ. ಆಗ ಕೆಳಗಿನಿಂದ ದಪ್ಪ ದನಿಯೊಂದು ಏರಿಬಂತು.

"ಎಲ್ಲಿ ಸತ್ತಿದ್ದೀರಿ ಎಲ್ಲಾ? ಇನ್ನೊಂದು ಟ್ರಿಪ್ ಇದೆ ನನಗೆ! ಎರಡು ಗಂಟೆ! ಯಾರ್ರೀ ಇಲ್ಲಿ ಗೈಡು? ದೂರು ಬರೆದು ಹಾಕ್ತೀನಿ, ಇವತ್ತೇ!"

ಬಸ್ಸಿನ ಡ್ರೈವರು. ಮೈಕು ಏನು ಹೇಳಿದಳೋ ಕೇಳಲಿಲ್ಲ. ಏನೂ ಹೇಳಲಿಲ್ಲವೆಂದು ಆಮೇಲೆ ತಿಳಿಯಿತು. ಬಾಯಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ದಾರಿ ತೋರಿಸಿದ್ದಳಷ್ಟೇ.

ಅವನು ಬಂಡೆ ಸುತ್ತಿ ಬಂದ. ಅಂಗಿಯ ಗುಂಡಿ ಬಿಚ್ಚಿತ್ತು, ಮೈಯೆಲ್ಲ ಬೆವರು. ಮುಂದಿನ ಮಾತಿಗೆ ತೆರೆದ ಬಾಯಿ ಹಾಗೇ ಇತ್ತು. ಬೀಗದ ಕೈ ಹಿಡಿದಿದ್ದ ಕೈಯನ್ನು ನಿಧಾನವಾಗಿ ಇಳಿಸಿದ.

ಮೈಕು ಬಂಡೆಯ ಹಿಂದೆ ನೂರು ಎಣಿಸಿದಳು. ಯಾರೂ ಉಳಿದಿರಲಿಲ್ಲ. ಆದರೂ ಎಣಿಸಿದಳು. ಅದು ಮುಗಿದು ಇನ್ನೂ ಬಹಳ ಹೊತ್ತಾದ ಮೇಲೆ ಅವನು ನನ್ನ ಕಡೆ ತಿರುಗಿದ. ನನ್ನ ಕೈಯ ಕಾಗದ ನೋಡಿದ.

"ಅದೇನು?" ಎಂದ ಸಣ್ಣ ದನಿಯಲ್ಲಿ.

"ಸಮೀಕ್ಷೆ. ಪ್ರವಾಸಿಗಳಿಗೆ. ಯಾಕೆ ಬಂದಿರಿ ಅಂತ."

"ನಾನು ಪ್ರವಾಸಿ ಅಲ್ಲ."

"ಗೊತ್ತು."

ಅವನು ಮತ್ತೆ ಕಮರಿಯ ಕಡೆ ನೋಡಿದ. ಹದ್ದೊಂದು ನಮ್ಮ ಕಾಲಿನ ಕೆಳಗೆ ಹಾದುಹೋಯಿತು.

"ಬೈಯೋಕೆ ಬಂದಿದ್ದೆ," ಎಂದ. "ಹಾಗೇ ಬರ್ಕೊಳ್ಳಿ."

ಒಂದು ಬಿಳಿ ಫಾರಂ ತೆಗೆದು ಹಾಗೇ ಬರೆದುಕೊಂಡೆ.